ನಾರಾಯಣಖೇಡ ಬಸ್ಸಿನ ಸಕ್ಕರೆ ಸರ

ಜಹೀರಾಬಾದ್
೧೨ ಅಕ್ಟೋಬರ್ ೨೦೧೧

ಚಿರಂಜೀವಿ ಶ್ರೀಪ್ರಿಯಾಳಿಗೆ,

ನಿನ್ನ ಚಿಗವ್ವ ಮಾಡುವ ಆಶೀರ್ವಾದಗಳು. ನಾನು ಆರಾಮಿದ್ದೇನೆ. ಮೊಣಕಾಲು ನೋವು ಇದ್ದಲ್ಲೇ ಇದೆ, ಅದರ ಚಿಂತೆ ಮಾಡಬೇಡ.

ಕಾಗದ ತಡವಾಯಿತು ಎಂದು ಸಿಟ್ಟಾಗಬೇಡ. ಮುಂಬೈಯಲ್ಲಿ ಆ ಅಡುಗೆ ಸ್ಪರ್ಧೆಯ ಟಿ.ವಿ.ಯವರು ನಿಮ್ಮೆಲ್ಲರ ಫೋನುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾರಂತೆ. ಇಲ್ಲಿ ತೆಲಂಗಾಣ ರಾಜ್ಯಕ್ಕಾಗಿ ನಡೆದಿರುವ ಸಮ್ಮೆಯಿಂದಾಗಿ ಬಸ್ಸಿಲ್ಲ, ಟಪಾಲು ಯಾವಾಗ ಹೊರಡುತ್ತದೆ ಎಂದು ಟಪಾಲಿನವನಿಗೇ ಗೊತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿನ್ನ ಸೋದರಮಾವ ಆತ್ಮಾರಾಮ ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಫೈನಲ್ ಮುಗಿದ ಮೇಲೆಯೇ ನಿನಗೆ ಕೊಡಬೇಕೆಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಅಂದರೆ ಇದನ್ನು ಓದುವ ಹೊತ್ತಿಗೆ ನೀನು ಗೆದ್ದಿರುತ್ತೀ, ಇಲ್ಲವೇ ಸೋತಿರುತ್ತೀ. ಎರಡರಲ್ಲಿ ಯಾವುದೆಂದು ಗೊತ್ತಿಲ್ಲದೆ ಬರೆಯುವುದರಲ್ಲೂ ಒಂದು ಸುಖವಿದೆ. ನನ್ನ ಆಶೀರ್ವಾದಕ್ಕೆ ಕಪ್ಪು, ಮೆಡಲ್ಲು ಯಾವುದೂ ಬೇಕಾಗಿಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಮ್ಮ ಮುನಸಿಪಾಲಿಟಿ ಆಫೀಸಿಗೆ ಬೀಗ ಬಿದ್ದು ತಿಂಗಳಾಗುತ್ತ ಬಂತು. ನಾವೆಲ್ಲ ಎದುರಿನ ಟೆಂಟಿನಲ್ಲಿ ಕೂತಿದ್ದೇವೆ. ಆಫೀಸಿನವರು, ಮೇಷ್ಟ್ರುಗಳು, ಬಸ್ ಡಿಪೋದವರು ಎಲ್ಲರೂ ಒಂದೇ ಜಮಖಾನದ ಮೇಲೆ. ಮೊನ್ನೆ ರಸ್ತೆಯ ನಡುವೆಯೇ ಒಲೆ ಹೂಡಿ ಅಡುಗೆ ಮಾಡಿದೆವು. ಘೋಷಣೆ ಕೂಗುವ ಭರದಲ್ಲಿ ಬೇಳೆ ತಳ ಹತ್ತಿತು. ತೆಲಂಗಾಣ ಬರುವವರೆಗೆ ಇದೇ ಬೇಳೆ ತಿನ್ನಬೇಕೇನು ಎಂದು ಗಂಡಸರು ತಕರಾರು ತೆಗೆದರು. ಹಾಗಾದರೆ ನಾಳೆ ನೀವೇ ಸೌಟು ಹಿಡಿಯಿರಿ ಎಂದೆ, ಎಲ್ಲರೂ ತೆಪ್ಪಗೆ ಉಂಡರು.

ಬನ್ನಿ ಹಬ್ಬದಲ್ಲಿ ಮನೆ ಬಿಕೋ ಎನ್ನುತ್ತಿತ್ತು. ನಿಮ್ಮಪ್ಪ ಹೋದ ಮೇಲೆ ಹಬ್ಬದ ದಿನ ನೀನಾದರೂ ಹೈದರಾಬಾದಿನ ಹೋಟೆಲಿನಿಂದ ರಜೆ ಹಾಕಿ ಬರುತ್ತಿದ್ದೆ. ಈ ಸಲ ಒಂದು ಬನ್ನಿ ಎಲೆಯನ್ನು ಈ ಕಾಗದದ ಮಡಿಕೆಯಲ್ಲಿಟ್ಟಿದ್ದೇನೆ. ತೆಗೆದುಕೋ, ಬಂಗಾರದಂತೆ ಇರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ಪ್ರೋಗ್ರಾಂ ನೋಡಿದೆ. ನಾನೊಬ್ಬಳೇ ನೋಡಲಿಲ್ಲ, ಇಡೀ ಟೆಂಟು ನೋಡಿತು. ಕಲ್ಲಿದ್ದಲಿನ ಗಣಿಯವರೂ ಸಮ್ಮೆಗೆ ಇಳಿದದ್ದರಿಂದ ಕರೆಂಟು ಹೊತ್ತಲ್ಲದ ಹೊತ್ತಿಗೆ ಹೋಗುತ್ತದೆ. ನ್ಯೂಸ್ ನೋಡಲೆಂದು ಟೆಂಟಿನಲ್ಲಿ ಜನರೇಟರ್ ಹಾಕಿ ಟಿ.ವಿ. ಇಟ್ಟಿದ್ದಾರೆ. ಅಂದು ಸಂಜೆ ನಾನೇ ಎದ್ದು, ಒಂದು ಗಂಟೆ ನ್ಯೂಸ್ ಬಿಟ್ಟರೆ ತೆಲಂಗಾಣವೇನೂ ಓಡಿಹೋಗುವುದಿಲ್ಲ, ನಮ್ಮ ಹುಡುಗಿಯನ್ನು ನೋಡೋಣ ಎಂದೆ. ಯೂನಿಯನ್ನಿನ ಹಿರಿಯರು ಮೊದಲು ಮುಖ ಸಿಂಡರಿಸಿದರು. ಆಮೇಲೆ ಎಲ್ಲರಿಗಿಂತ ಮುಂದೆ ಬಂದು ಕೂತವರೂ ಅವರೇ.

ನೀನು ಮಾಡಿದ್ದು ಬಸ್ಸು ಎಂದು ನಮಗೆ ಮೊದಲು ತಿಳಿಯಲಿಲ್ಲ. ಕಪ್ಪು ಚಾಕೊಲೇಟಿನ ಹಲಗೆಗಳನ್ನು ನಿಲ್ಲಿಸುತ್ತ ಹೋದೆ, ಮನೆ ಕಟ್ಟುತ್ತಿದ್ದಾಳೆ ಎಂದುಕೊಂಡೆವು. ಚಕ್ರ ಬಂತು, ಮೇಲೆ ಲಗೇಜು ಕಟ್ಟುವ ಕಂಬಿ ಬಂತು. ಕೊನೆಗೆ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಆ ಕೈಯಿಂದ ಬಿಳಿ ಚಾಕೊಲೇಟಿನ ಸರ ಇಳಿಬಿದ್ದಿತ್ತು, ಹೂವು ಹೂವಾಗಿ, ಹೋಳಿ ಹುಣ್ಣಿಮೆಗೆ ನಮ್ಮ ಕಡೆ ಮಕ್ಕಳ ಕೊರಳಿಗೆ ಹಾಕುತ್ತಾರಲ್ಲ, ಸಾಕ್ಷಾತ್ ಅದೇ ಸಕ್ಕರೆ ಸರ. 

ಮುಂದಿನ ಚಕ್ರ ಸೀಳುಬಿಟ್ಟು ಬಸ್ಸು ವಾಲಿತಲ್ಲ, ಆಗ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆ ನಿರೂಪಕ ನಿನ್ನ ಕಿವಿಯ ಹತ್ತಿರವೇ ನಿಂತು ಟೈಮ್ ಎಣಿಸುತ್ತಿದ್ದ. ಅವನಿಗೆ ಮನೆಯಲ್ಲಿ ಯಾರೂ ಬುದ್ಧಿ ಹೇಳಿಲ್ಲವೇನು? ನೀನು ಮಾತ್ರ ಅವಸರ ಮಾಡಲಿಲ್ಲ. ಭುಜವನ್ನು ಬಸ್ಸಿಗೆ ಆನಿಸಿ, ಕರಗಿದ ಚಾಕೊಲೇಟನ್ನು ಸೀಳಿನಲ್ಲಿ ತುಂಬಿ, ಒಂದು ರಟ್ಟು ತೆಗೆದುಕೊಂಡು ಮೆಲ್ಲಗೆ ಗಾಳಿ ಹಾಕುತ್ತ ನಿಂತೆ. ಅದನ್ನು ನೋಡಿ ನಮ್ಮ ಓಣಿಯ ಮಾಳಮ್ಮ ಎದೆ ಮುಟ್ಟಿಕೊಂಡಳು. ಮರದ ಅಚ್ಚಿನಲ್ಲಿ ದಾರ ಇಟ್ಟು ಪಾಕ ಹೊಯ್ದ ಮೇಲೆ ಅವಳು ಹಾಗೇ ಗಾಳಿ ಹಾಕುತ್ತಾಳೆ. ಸಣ್ಣವಳಿದ್ದಾಗ ನೀನು ಅವಳ ಒಲೆಯ ಮುಂದೆ ಕೂತು ಬೀಸಣಿಗೆಗೆ ಜಗಳವಾಡುತ್ತಿದ್ದೆ, ನೆನಪಿದೆಯೇ?

ತೀರ್ಪುಗಾರರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಮ್ಮ ಜನರೇಟರ್ ನಿಂತಿತು. ಒಳಗೆ ಎಣ್ಣೆ ಖಾಲಿ. ನಾರಾಯಣಖೇಡ ಬಸ್ಸಿನ ಕಂಡಕ್ಟರ್ ಸಾಯಪ್ಪ ತನ್ನ ಸ್ಕೂಟರನ್ನು ಟೆಂಟಿನ ಒಳಕ್ಕೇ ತಳ್ಳಿಕೊಂಡು ಬಂದು, ಪೈಪು ಹಾಕಿ, ಬಾಯಿಯಿಂದ ಪೆಟ್ರೋಲ್ ಎಳೆದು ತುಂಬಿದ. ಆಮೇಲೆ ಎರಡು ದಿನ ಚಹಾ ಕುಡಿದರೂ ಪೆಟ್ರೋಲ್ ವಾಸನೆಯೇ ಬರುತ್ತದೆಂದು ಗೋಳಾಡುತ್ತಿದ್ದ.

ಟಿ.ವಿ. ಮತ್ತೆ ಹತ್ತಿದಾಗ ನೀನು ಮಾತಾಡುತ್ತಿದ್ದೆ. ಪುಟ್ಟವಳಿದ್ದಾಗಲೇ ಅವ್ವ ತೀರಿಕೊಂಡಳು, ಪ್ರತಿ ವರ್ಷ ಹೋಳಿ ಹಬ್ಬಕ್ಕೆ ಮುಂಚೆ ನಾರಾಯಣಖೇಡದಿಂದ ಸೋದರಮಾವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಕ್ಕರೆ ಸರ ಕಳಿಸುತ್ತಿದ್ದರು, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಲ್ಲುತ್ತಿದ್ದೆ ಎಂದೆ. ನಾವು ದಖನಿ ಉರ್ದು ಮಾತಾಡಿ ಬೆಳೆದವರು, ನಿನ್ನ ಹಿಂದಿ ಒಂದಕ್ಷರ ಬಿಡದೆ ತಿಳಿಯಿತು. ತೀರ್ಪುಗಾರರೊಬ್ಬರು, ಎಲ್ಲ ಹೂವಿನಲ್ಲೂ ಒಂದೊಂದು ಎಸಳು ಯಾಕೆ ಮುರಿದಿದೆ ಎಂದು ಕೇಳಿದರು. ಮಾವನ ಸರದಲ್ಲಿ ಯಾವಾಗಲೂ ಹಾಗೇ ಇರುತ್ತಿತ್ತು ಎಂದೆ ನೀನು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನೀನು ಫೈನಲ್ಲಿಗೆ ಹೋದೆ ಎಂದಾಗ ಟೆಂಟಿನಲ್ಲಿ ಎದ್ದ ಗದ್ದಲಕ್ಕೆ ಪೊಲೀಸರೇ ಬಂದು ಇಣುಕಿದರು. ಯೂನಿಯನ್ನಿನ ಹಿರಿಯರು ಸಾಯಪ್ಪನನ್ನು ನಿಲ್ಲಿಸಿ ವಿಚಾರಣೆಯನ್ನೇ ನಡೆಸಿದರು: "ಇಡೀ ತೆಲಂಗಾಣದಾಗ ಒಂದು ಬಸ್ ನಡೀಲತ್ತಿಲ್ಲ, ನೀ ಮುಂಬೈದಾಗ ಬಸ್ ಓಡ್ಸಲತ್ತಿ. ಸಮ್ಮಿ ಮುರದೀಯೇನೋ?" ಅವನು ಕೈಮುಗಿದು, ಆ ಬಸ್ಸಿಗೆ ಟಿಕೆಟ್ ಹರಿದಿಲ್ಲ, ಮಾಫ್ ಮಾಡಿರಿ ಎಂದ. ನಕ್ಕು ನಕ್ಕು ನನ್ನ ಪಕ್ಕೆ ನೋವು ಬಂತು. ಮಾಳಮ್ಮ ಮಾತ್ರ ನಗದೆ ಎದ್ದು ನಿಂತು ಏನೋ ಹೇಳಲು ಹೊರಟಳು. ನಾನು ಅವಳ ಕೈಗೆ ಚಹಾದ ಗ್ಲಾಸು ಕೊಟ್ಟು ಕೂರಿಸಿದೆ.

ಮಾರನೆಯ ದಿನ ನಿನ್ನ ಪ್ರೋಗ್ರಾಂನವರ ಫೋನು ಬಂತು. ಒಬ್ಬ ಹುಡುಗಿ, ಬಹಳ ನಯವಾಗಿ ಮಾತಾಡಿದಳು. ಫೈನಲ್ ದಿನ ಸ್ಪರ್ಧಿಯ ಪಕ್ಕದಲ್ಲಿ ಮನೆಯವರೊಬ್ಬರು ನಿಲ್ಲಬೇಕು, ಒಬ್ಬರಿಗೆ ಮಾತ್ರ ಅವಕಾಶ ಎಂದಳು. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಶ್ರೀಪ್ರಿಯಾ ಅವರು ನಾರಾಯಣಖೇಡದ ಮಾವನ ಹೆಸರು ಬರೆದಿದ್ದಾರೆ, ಅವರ ನಂಬರ್ ನಿಮ್ಮ ಹತ್ತಿರ ಇದೆಯೇ ಎಂದು ಕೇಳಿದಳು. ಹುಡುಕಿ ಕೊಟ್ಟೆ.

ನಿನ್ನೆ ಆತ್ಮಾರಾಮ ಅವರು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮನೆಗೆ ಬಂದರು. ಮೈಯೆಲ್ಲ ಧೂಳು. ನಿಮ್ಮವ್ವ ಅಮೃತಬಾಯಿಯ ಫೋಟೋದ ಮುಂದೆ ಬಹಳ ಹೊತ್ತು ನಿಂತರು. ರೊಟ್ಟಿ ಬಡಿದು ಹಾಕಿದರೆ ಒಂದನ್ನೂ ನೆಟ್ಟಗೆ ತಿನ್ನಲಿಲ್ಲ. ಕೊನೆಗೆ ಹೇಳಿದರು: "ತಂಗಿ, ನಾ ಯಾವ ಮಾರಿ ಇಟಗೊಂಡು ಅಕಿ ಬಾಜು ನಿಂದರಲಿ? ನೀ ಹೋಗು." ನಾನೆಂದೆ: "ಕೂಸು ಕರದದ್ದು ನಿಮಗರಿ. ನೀವೇ ಹೋಗ್ರಿ." ಹೊಲಮನೆ ಬಿಟ್ಟು ಹೊರಗೆ ಹೋಗದ ಮನುಷ್ಯ, ಕ್ಯಾಮೆರಾ ಎಂದರೆ ಸಂಕೋಚ ಇರುತ್ತದೆ. ನಿಮ್ಮಪ್ಪನ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ಕೊಟ್ಟಿದ್ದೇನೆ, ಅವರಿಗೆ ಸರಿಯಾಗಿ ಕೂತಿತು. ನಾಳೆ ಅವರನ್ನು ಸಾಯಪ್ಪ ಸ್ಕೂಟರಿನಲ್ಲಿ ಮೊಗುಡಂಪಲ್ಲಿ ದಾಟಿಸಿ ಹುಮನಾಬಾದಿಗೆ ಬಿಟ್ಟು ಬರುತ್ತಾನೆ. ಗಡಿಯ ಆಚೆ ಸಮ್ಮೆಯಿಲ್ಲ, ಅಲ್ಲಿಂದ ಮುಂಬೈ ಬಸ್ಸು ಸಿಗುತ್ತದೆ.

ಪ್ರಿಯಾ, ನಾನು ನಿನಗೆ ಋಣಿ ಎಂದರೆ ನಗಬೇಡ. ನಾನು ತಾಂಡೂರಿನಿಂದ ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಾಗ ನನಗೆ ಅಡುಗೆ ಬಿಟ್ಟರೆ ಏನೂ ಗೊತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಜಡೆ ಹಾಕಿದ್ದು, ಜ್ವರ ಬಂದಾಗ ರಾತ್ರಿ ಕಾದದ್ದು, ಪರೀಕ್ಷೆಯ ದಿನ ಹೆದರಿದ್ದು, ಎಲ್ಲ ಸುಖವನ್ನೂ ನಿನ್ನಿಂದಲೇ ಪಡೆದೆ. ನಿನ್ನನ್ನು ಹೆತ್ತು ನನಗೆ ಬಿಟ್ಟುಹೋದ ಅಮೃತಬಾಯಿ ಅಕ್ಕನಿಗೆ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಇದನ್ನೇ ಹೇಳುತ್ತೇನೆ. ಆ ಬಸ್ಸನ್ನು ನೀನು ಮರೆಯಲಿಲ್ಲವಲ್ಲ, ಅದೇ ದೊಡ್ಡದು.

ಹೊತ್ತಿಗೆ ಸರಿಯಾಗಿ ಉಣ್ಣು. ಗೆದ್ದರೆ ತಲೆ ಬಾಗಿ ತೆಗೆದುಕೋ, ಸೋತರೆ ನೆಟ್ಟಗೆ ನಿಂತು ಬಾ. ನೂರು ವರ್ಷ ಸುಖವಾಗಿ ಬಾಳು.

ಇಂತಿ ನಿನ್ನ ಚಿಗವ್ವ,
ಶಿವಲಕ್ಷ್ಮಿ

ತಾ.ಕ.: ಕಾಗದ ಮಡಿಚಿಟ್ಟವಳು ಮತ್ತೆ ಬಿಚ್ಚಿದ್ದೇನೆ. ಮಾವನ ಚೀಲದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಸಕ್ಕರೆ ಸರವಿದೆ. ಹೋಳಿ ದೂರವಿದ್ದರೂ ಮಾಳಮ್ಮ ಅಟ್ಟದಿಂದ ಅಚ್ಚು ಇಳಿಸಿ ಹೊಯ್ದು ಕೊಟ್ಟಳು. ಹೂವುಗಳನ್ನು ನೋಡು, ಒಂದೊಂದು ಎಸಳು ಮುರಿದಿದೆ. ಅವಳ ಅಚ್ಚು ಮೊದಲಿನಿಂದ ಹಾಗೇ ಇದೆ. ಟೆಂಟಿನಲ್ಲಿ ಅವಳು ಹೇಳಲು ಹೊರಟದ್ದೂ ಇದನ್ನೇ.

ನಾನು ಬಂದ ವರ್ಷದ ಹೋಳಿಯಲ್ಲಿ ಓಣಿಯ ಮಕ್ಕಳೆಲ್ಲ ತಾಯಿಯ ತವರಿನಿಂದ ಬಂದ ಸರ ಹಾಕಿಕೊಂಡು ಕುಣಿಯುತ್ತಿದ್ದರು. ನೀನು ಬರಿಗೊರಳಿನಲ್ಲಿ ಕಟ್ಟೆಯ ಮೇಲೆ ಕೂತಿದ್ದೆ. ನಾನು ಕೊಂಡು ತಂದರೆ ನೀನು ಕೊರಳು ಕೊಡಲಿಲ್ಲ, ನಮ್ಮ ಮಾವನ ಸರ ಬೇಕು ಎಂದೆ. ಮುಂದಿನ ವರ್ಷದಿಂದ ಮಾಳಮ್ಮನಿಂದ ಸರ ಕೊಂಡು ಸಾಯಪ್ಪನಿಗೆ ಕೊಡುತ್ತಿದ್ದೆ. ಅವನು ಚೀಲದಲ್ಲಿಟ್ಟುಕೊಂಡು ನಾರಾಯಣಖೇಡಕ್ಕೆ ಹೋಗಿ, ತಿರುಗಿ ಬರುವಾಗ ನಿನ್ನ ಕೈಗೆ ಕೊಡುತ್ತಿದ್ದ. ನಿಮ್ಮ ಮಾವ ಒಂದು ಸಲವೂ ಕಳಿಸಿರಲಿಲ್ಲ. ಅವರಿಗೆ ಏನೂ ಅನ್ನಬೇಡ. ತಂಗಿ ಸತ್ತ ಮನೆಯ ಹೊಸ್ತಿಲು ದಾಟುವ ಧೈರ್ಯ ಅವರಿಗೆ ಬಂದದ್ದೇ ನಿನ್ನೆ.

ಇದು ಮುಚ್ಚಿಕೊಂಡೇ ಇರಲೆಂದು ಮಾಡಿದ ಕೆಲಸ. ಆದರೆ ಟಿ.ವಿ.ಯಲ್ಲಿ ಕೊನೆಗೆ ಒಂದು ಮಾತು ಹೇಳಿದೆಯಲ್ಲ, ಅವ್ವ ಹೋದ ಮೇಲೆ ಈ ಲೋಕದಲ್ಲಿ ನನ್ನವರು ಅಂತ ಉಳಿದವರು ಮಾವ ಒಬ್ಬರೇ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಮಾತು ಇನ್ನೂ ಗಂಟಲಿನಿಂದ ಕೆಳಗಿಳಿದಿಲ್ಲ ಮಗಳೇ.

ಈ ಸಲ ಬಸ್ಸಿಲ್ಲ. ಸರ ನನ್ನ ಕೈಯಿಂದ ನೇರ ಮಾವನ ಕೈಗೆ ಹೋಗಿದೆ, ಮೊದಲ ಸಲ ಅವರೇ ನಿಜವಾಗಿ ತರುತ್ತಿದ್ದಾರೆ. ಅವರ ಕೈಯಿಂದಲೇ ಹಾಕಿಸಿಕೋ. ಆಮೇಲೆ, ಯಾರೂ ನೋಡದಾಗ, ಒಂದು ಹೂವು ಮುರಿದು ನನ್ನ ಹೆಸರಿನಲ್ಲಿ ಬಾಯಿಗೆ ಹಾಕಿಕೋ.