ನಿನಗೆಂದು ಆರಿಸಿದ ಕ್ಯಾಮೆರಾ

ನಂಜನಗೂಡು
12 ಮಾರ್ಚ್ 2025

ಪ್ರೀತಿಯ ತಂಗಿ ಇಂದ್ರಾಣಿಗೆ ನಿನ್ನಣ್ಣನ ಜೈ ಭೀಮ್.

ಎದುರು ಮನೆಯವರಿಗೂ ಫೋನು ಮಾಡುವ ನಾನು ಟಿ. ನರಸೀಪುರಕ್ಕೆ ಕಾಗದ ಬರೆಯುತ್ತಿದ್ದೇನೆ ಅಂದರೆ ನಿನಗೆ ನಗು ಬರಬಹುದು. ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ಪ್ರತಿ ಸಲವೂ ನೀನು ಊಟ ಆಯಿತಾ ಎಂದು ಕೇಳಿದೆ, ನಾನು ಆಯಿತು ಅಂದೆ, ಮಾತು ಅಲ್ಲಿಗೇ ನಿಂತಿತು.

ಭಾನುವಾರ ನೀನು ನನ್ನ ಸ್ಟುಡಿಯೋಗೆ ಬಂದು ಕ್ಯಾಮೆರಾ ಮಾರಿಬಿಡುತ್ತೇನೆ ಎಂದೆಯಲ್ಲ, ಅದಕ್ಕೇ ಬರೆಯುತ್ತಿರುವುದು. ನಿನ್ನ ಸ್ಕೂಲಿನ ಮಕ್ಕಳಿಗೆ ಅವರ ಗದ್ದೆಯ ಮೇಲಿನ ಆಕಾಶಗಂಗೆಯನ್ನೇ ತೋರಿಸಬೇಕು ಅಂತ ಆಸೆಪಟ್ಟವಳು ನೀನು. ತೆಗೆದ ಫೋಟೋಗಳೆಲ್ಲ ಬರೀ ಮಸಿ, ಮಸಿಯ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. "ನನ್ ಕೈಗುಣನೇ ಸರಿಯಿಲ್ಲ ಬುಡಣ್ಣ, ಪಾಪ ನೀನೆಷ್ಟು ಏಳ್ಕೊಟ್ಟೆ" ಅಂದೆ. ನಾನು ಕುರ್ಚಿಯಲ್ಲಿ ದೊಡ್ಡ ಮನುಷ್ಯನ ಹಾಗೆ ಕೂತು, ಕೈ ನಡುಗಿರಬೇಕು, ಅಭ್ಯಾಸ ಸಾಲದು ಎಂದೆ. ಅದೂ ನಿನ್ನ ಗಂಡ ನಿಂಗರಾಜುವಿನ ಎದುರಿಗೇ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಟೈಮರ್ ಇಟ್ಟು ದೂರ ನಿಂತವಳ ಕೈ ಹೇಗೆ ನಡುಗುತ್ತದೆ? ತಪ್ಪು ನಿನ್ನದಲ್ಲ ಇಂದ್ರಾಣಿ, ನನ್ನದು.

ಕ್ಯಾಮೆರಾ ಕೊಳ್ಳುವ ಮೊದಲು ನೀನು ಸರಿಯಾಗಿಯೇ ಓದಿಕೊಂಡು ಬಂದಿದ್ದೆ. ಹಳೆಯದಾದರೂ ಪರವಾಗಿಲ್ಲ, ಒಂದು ಸಾಧಾರಣ ಮಿರರ್‌ಲೆಸ್ ಕ್ಯಾಮೆರಾ ಬಾಡಿ ಸಾಕು. ಉಳಿದ ದುಡ್ಡಿಗೆಲ್ಲ ಅಗಲವಾಗಿ ಕಾಣುವ, ಕತ್ತಲಲ್ಲೂ ಬೆಳಕು ಹೀರುವ ಎಫ್ 1.8ರ ಲೆನ್ಸ್ ಬೇಕು ಎಂದಿದ್ದೆ. ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದವನಿಗೆ ಇದು ಗೊತ್ತಿಲ್ಲವೇ? ಆದರೂ "ಬಾಡಿ ಮುಖ್ಯ ಕಣವ್ವ, ಲೆನ್ಸು ಯಾವಾಗ ಬೇಕಾದ್ರೂ ತಗೋಬೋದು" ಎಂದು ನಿನ್ನ ಬಾಯಿ ಮುಚ್ಚಿಸಿದೆ. ಮೈಸೂರಿನ ಅಂಗಡಿಯಲ್ಲಿ ಒಂದೊಂದೇ ಕ್ಯಾಮೆರಾವನ್ನು ಗೋಡೌನಿನ ಕತ್ತಲಿಗೆ ಒಯ್ದು ಕಣ್ಣಿಗಿಟ್ಟು ನೋಡಿದೆ. ನೀನು ಅಂಗಡಿಯವನಿಗೆ "ನಮ್ಮಣ್ಣ ಸುಮ್‌ಸುಮ್ನೆ ಒಪ್ಪೋನಲ್ಲ ಕಣ್ರೀ" ಎಂದು ಹೆಮ್ಮೆಯಿಂದ ಹೇಳುತ್ತಿದ್ದದ್ದು ಒಳಗಿನವರೆಗೂ ಕೇಳಿಸುತ್ತಿತ್ತು. ನಾನು ಹುಡುಕುತ್ತಿದ್ದದ್ದು ನನ್ನ ಕಣ್ಣಿಗೆ ಬೇಕಾದದ್ದನ್ನು. ನಿನ್ನ ದುಡ್ಡೆಲ್ಲ ಆ ಬಾಡಿಗೇ ಮುಗಿದು, ನಿನಗೆ ಉಳಿದದ್ದು ಜೊತೆಯಲ್ಲಿ ಬರುವ ಕಿಟ್ ಲೆನ್ಸು. ಅದು ಹಗಲಿಗಷ್ಟೇ ಸರಿ.

ನನಗೆ ಇರುಳುಗುರುಡು. ಬರೆದುಬಿಟ್ಟೆ. ಎರಡು ವರ್ಷದಿಂದ ಕತ್ತಲಾದ ಮೇಲೆ ಆಕಾಶ ಅಂದರೆ ನನಗೆ ಕರಿ ಕಂಬಳಿ. ನಾನು ರಾತ್ರಿಯ ಆರತಕ್ಷತೆ ಒಪ್ಪಿಕೊಳ್ಳುವುದನ್ನು ಬಿಟ್ಟದ್ದು ಬೆನ್ನುನೋವಿಗಲ್ಲ. ಫೋಟೋಗ್ರಾಫರಿಗೇ ಕಣ್ಣಿಲ್ಲ ಎಂದು ಊರವರು ಆಡಿಕೊಂಡರೆ ಎಂಬ ಹೆದರಿಕೆ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ. ಮಿರರ್‌ಲೆಸ್‌ನ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಒಂದು ಪುಟ್ಟ ಪರದೆ ಇರುತ್ತದೆ. ಒಳ್ಳೆಯ ಬಾಡಿಯಾದರೆ ಅದು ಕತ್ತಲನ್ನೂ ಬೆಳಕು ಮಾಡಿ ತೋರಿಸುತ್ತದೆ. ಅಷ್ಟಕ್ಕೇ ಆಸೆಪಟ್ಟೆ.

ಜನವರಿಯ ಅಮಾವಾಸ್ಯೆಯ ರಾತ್ರಿ ತಗಡೂರಿನ ಆಚೆ ಹೊಲದ ಬದುವಿನ ಮೇಲೆ, ಫೋಕಸ್ ಹಾಕಿಕೊಡುತ್ತೇನೆ ಎಂದು ಅರ್ಧ ಗಂಟೆ ನಿನ್ನ ಕ್ಯಾಮೆರಾ ಬಿಟ್ಟುಕೊಡಲಿಲ್ಲ. ಸಾಲಾಗಿ ಮೂರು ನಕ್ಷತ್ರ ಕಂಡವು. ಅವುಗಳ ಕೆಳಗೆ ಇನ್ನಷ್ಟು. ನೀನು ಸೊಳ್ಳೆ ಹೊಡೆದುಕೊಂಡು ನಿಂತಿದ್ದೆ. ಯಾಕಣ್ಣ ಕಣ್ಣು ಒರೆಸಿಕೊಳ್ಳುತ್ತೀಯ ಎಂದು ಕೇಳಿದ್ದಕ್ಕೆ "ಸೊಳ್ಳೆ ಔಸ್ದಿ ಕಣ್ಗೋಯ್ತು ಕಣವ್ವ" ಅಂದೆ. ನೀನು ಗಾಬರಿಯಾಗಿ ಬಾಟಲಿಯ ನೀರಲ್ಲಿ ನನ್ನ ಕಣ್ಣು ತೊಳೆದೆ. ಆಗಲೂ ನಿಜ ಹೇಳಲಿಲ್ಲ. ಕಣ್ಣು ತೊಳೆಸಿಕೊಂಡು, ಮುಂದಿನ ಅಮಾವಾಸ್ಯೆಗೂ ಬರುತ್ತೇನೆ ಎಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಈ ಕಾಗದದ ಜೊತೆಗಿರುವ ಡಬ್ಬಿಯಲ್ಲಿ 20 ಎಂ.ಎಂ., ಎಫ್ 1.8ರ ಲೆನ್ಸಿದೆ. ನಿನ್ನ ಬಾಡಿಗೆ ಹೊಂದುತ್ತದೆ. ದಯವಿಟ್ಟು ವಾಪಸು ಕಳಿಸಬೇಡ. ಲೆನ್ಸನ್ನು ಪೂರ್ತಿ ತೆರೆದು, ಐಎಸ್‌ಒ 3200 ಇಟ್ಟು, ಹದಿನೈದು ಸೆಕೆಂಡು ಬಿಡು. ಅದಕ್ಕಿಂತ ಹೆಚ್ಚು ಬಿಟ್ಟರೆ ನಕ್ಷತ್ರ ಗೀರಾಗುತ್ತದೆ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಬೆಳಗಿನ ಜಾವ ನಿಂಗರಾಜುವನ್ನು ಕರೆದುಕೊಂಡು ಹೋಗು. ಅವನಿಗೂ ಈ ಕಾಗದ ತೋರಿಸು. ನನ್ನನ್ನು ಎಷ್ಟು ಬೇಕಾದರೂ ಬೈದುಕೋ, ಕೈಗುಣದ ಮಾತು ಮಾತ್ರ ಇನ್ನೊಮ್ಮೆ ಆಡಬೇಡ.

ನಿನಗೆ ಮುಖ ತೋರಿಸಲಾರದ ಅಣ್ಣ,
ಜಗನ್

ತಾ.ಕ.: ಕಾಗದ ಮಡಚಿಟ್ಟವನು ಮತ್ತೆ ಬಿಚ್ಚಿದ್ದೇನೆ. ಈ ಇರುಳುಗುರುಡು ರಕ್ತದಲ್ಲಿ ಬರುವ ಕಾಯಿಲೆ, ಒಡಹುಟ್ಟಿದವರನ್ನೂ ಅವರ ಮಕ್ಕಳನ್ನೂ ಒಮ್ಮೆ ತೋರಿಸಿಬಿಡಿ ಎಂದು ಕಣ್ಣಿನ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ನನ್ನ ಗುಟ್ಟು ಹೊರಬೀಳುತ್ತದೆಂದು ನಿನಗೆ ಹೇಳಲಿಲ್ಲ. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ, ಇನ್ನೂ ಸ್ವಲ್ಪ ಬೆಳಕಿದ್ದ ಮುಸ್ಸಂಜೆ ಹೊತ್ತಿನಲ್ಲಿ ನಿನ್ನ ಮಗಳು ಧನುಶ್ರೀ ಮೆಟ್ಟಿಲು ಇಳಿಯುವುದನ್ನು ನೋಡಿದೆ. ಒಂದು ಕೈ ಗೋಡೆಯ ಮೇಲಿಟ್ಟು, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ಇಳಿದಳು. ನಾನೂ ಹಾಗೆಯೇ ಇಳಿಯುವುದು. ಈ ವಾರವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನೀನೂ ತೋರಿಸಿಕೋ.