ಹತ್ತಿ ಅಮ್ಮ ಇನ್ನೂ ನದಿಯ ಈಚೆಗೇ ಇದ್ದಾಳೆ

ಸೊಸೆ ವಸುಧಾಗೆ,

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಅಂತ ಕಾಗದ ಶುರು ಮಾಡಬೇಕೆಂದು ನಮ್ಮೂರ ಮೇಷ್ಟ್ರು ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದ್ದರು. ಅದರಾಚೆಗೆ ನಾನು ಓದಲಿಲ್ಲ. ಆ ಸಾಲನ್ನು ಈಗ ಬರೆಯಲಾರೆ. ನಾವು ಕ್ಷೇಮವಾಗಿಲ್ಲ. ನಿನ್ನ ಕ್ಷೇಮವನ್ನು ಯಾರ ಹತ್ತಿರ ವಿಚಾರಿಸಲಿ? ನಡೆದದ್ದನ್ನು ಚೆಂದ ಮಾಡಿ ಹೇಳಬೇಡಿ ಅತ್ತೆ ಅಂತ ನನ್ನ ಬಾಯಿ ಮುಚ್ಚಿಸಿದವಳು ನೀನೇ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ಲಂಡನ್ನಿನ ಹ್ಯಾರೋಗೆ, ನಿಮ್ಮ ಮನೆಗೆ ಬಂದ ಮೊದಲ ಸೋಮವಾರ ನೆನಪಿದೆಯೇ? ಬೀದಿಯ ಮಕ್ಕಳೆಲ್ಲ ಯೂನಿಫಾರಂ ತೊಟ್ಟು ಹೋಗುತ್ತಿದ್ದರೆ ನಮ್ಮ ಮನೆಯವೆರಡು ಮಲಗಿದ ಬಟ್ಟೆಯಲ್ಲೇ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದವು. "ಇವತ್ತೇನೇ ರಜ?" ಅಂದೆ. "ಇಲ್ಲ ಅತ್ತೆ, ಸ್ಕೂಲು ಇಲ್ಲೇ. ನಾನೇ ಮಿಸ್ಸು" ಅಂದೆ ನೀನು. "ಸಾರಿಗೆ ಉಪ್ಪು ಹಾಕೋದು ಮರೆಯೋಳು ಮಿಸ್ಸಾ?" ಅಂತ ನಾನು ಆಡಿಕೊಂಡೆ. ರಾತ್ರಿ ನಿನ್ನ ಗಂಡ ರಾಘು ಹೇಳಿದ, ದೊಡ್ಡ ಮಗಳು ಅನಘಾಳಿಗೆ ಶಾಲೆಯ ಗೇಟು ಕಂಡರೆ ವಾಂತಿಯಾಗುತ್ತಿತ್ತು, ತಿಂಗಳುಗಟ್ಟಲೆ ಅಲ್ಲಿ ಒಂದು ಮಾತೂ ಆಡಿರಲಿಲ್ಲ, ಅದಕ್ಕೇ ನೀನು ಕೆಲಸ ಬಿಟ್ಟು ಇಬ್ಬರನ್ನೂ ಮನೆಯಲ್ಲೇ ಕೂರಿಸಿಕೊಂಡೆ ಅಂತ. ಮಾರನೆಯ ದಿನದಿಂದ ನಿನ್ನ ಪಾಠದ ಹೊತ್ತಿಗೆ ನಾನು ಮಿಕ್ಸಿ ಹಾಕಲಿಲ್ಲ. ಅದನ್ನು ನೀನು ಗಮನಿಸಿದ್ದೆಯೋ ಇಲ್ಲವೋ…

ಒಂದು ಮಧ್ಯಾಹ್ನ ನಾನು ಹಿತ್ತಲ ಕಡೆಯ ಗಾಜಿನ ಕೋಣೆಯಲ್ಲಿ ದೇವರ ದೀಪಕ್ಕೆ ಹೂಬತ್ತಿ ಮಾಡುತ್ತಾ ಕೂತಿದ್ದೆ. ಚಿಕ್ಕವಳು ಪ್ರಣತಿ ನನ್ನ ತೊಡೆಗೆ ಒರಗಿ, ಈ ಹತ್ತಿ ಎಲ್ಲಿಂದ ಬರುತ್ತೆ ಅಂತ ಕೇಳಿದಳು. "ಗಿಡದಿಂದ. ಇನ್ನೇನು ಕುರಿಯಿಂದ ಬರುತ್ತಾ?" ಅಂದೆ. ನೀನು ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಹಿಂದೆ ಈ ದೇಶದ ಗಿರಣಿಗಳಿಗೆ ಅಮೆರಿಕದಿಂದ ಹಡಗುಗಟ್ಟಲೆ ಹತ್ತಿ ಬರ್ತಿತ್ತು. ಅದನ್ನ ಬಿಡಿಸ್ತಿದ್ದೋರು ಯಾರು ಅಂತ ಕೇಳಿ ನೋಡೋಣ" ಅಂದೆ. ಅನಘಾ ತಲೆ ಎತ್ತಿದಳು. ಶುರುವಾಯಿತಲ್ಲ ನಿನ್ನ ಅಮೆರಿಕ! ಹುಟ್ಟಿದ್ದು ಮೈಸೂರು ಸೀಮೆಯಲ್ಲಿ, ಉಣ್ಣುವುದು ಲಂಡನ್ನಿನ ಅನ್ನ, ಓದಿಸುವುದು ಮೂರನೆಯವರ ಮನೆಯ ಹಳೇ ಜಗಳ ಅಂತ ನಾನು ಗೊಣಗಿದೆ. "ಹಳೇ ಜಗಳ ಅಲ್ಲ ಅತ್ತೆ, ನೀವೂ ಕೂತು ಕೇಳಿ" ಅಂದೆ ನೀನು. ಕೂತೆ. ಎದ್ದು ಹೋಗಲು ನನಗಾದರೂ ಎಲ್ಲಿ ಜಾಗವಿತ್ತು ಈ ಊರಿನಲ್ಲಿ?

ನಿನ್ನ ರಂಗೋಲಿ ಡಬ್ಬ ಗಾಜಿನ ಕೋಣೆಗೆ ಬಂದ ದಿನ ನನಗೆ ನಿಜವಾಗಿ ಕೋಪ ಬಂದಿತ್ತು. ಹೊಸಿಲಿಗೆ ಎರಡು ಎಳೆ ಎಳೆಯಲು ಸೋಮಾರಿತನ, ಅಮೆರಿಕಕ್ಕೆ ಮಾತ್ರ ನೆಲದ ತುಂಬಾ ಪುಡಿ! ಮೇಲಿನ ಸೀಮೆಗೆ ಹಸಿರು, ಕೆಳಗಿನ ಸೀಮೆಗೆ ಕೆಂಪು, ನಡುವೆ ಮೇಲಿನಿಂದ ಕೆಳಗೆ ನೀಲಿಯ ಮಿಸಿಸಿಪ್ಪಿ ನದಿ. ಜೀತದ ವಿಚಾರಕ್ಕೆ ಈ ಎರಡು ಸೀಮೆಗೂ ಯುದ್ಧ ಅಂದೆ. ಪಡುವಲಿಗೆ ಗಾಡಿ ಕಟ್ಟಿಕೊಂಡು ಹೋದವರಿಗೆ ಹುಣಸೆ ಬೀಜ. ಅವರಿಗಾಗಿ ಜಾಗ ಬಿಟ್ಟು ಎದ್ದುಹೋಗಬೇಕಾಗಿ ಬಂದ ಮೂಲದ ಜನರಿಗೆ ಮೆಂತ್ಯ. ಕೆಂಪು ಸೀಮೆಯ ಮೇಲೆ ನನ್ನ ಹೂಬತ್ತಿಗಳು, ಕೇಳದೆ ತೆಗೆದುಕೊಂಡದ್ದು. ಅದರಲ್ಲಿ ಒಂದಕ್ಕೆ ಮಕ್ಕಳು ಹತ್ತಿ ಅಮ್ಮ ಅಂತ ಹೆಸರಿಟ್ಟವು. ದಣಿಗಳು ಕೊಂಡುತಂದ ಜೀತದ ಹೆಂಗಸು. ಅವಳ ಮಗಳನ್ನು ಮಾರಿ ನದಿಯ ಆಚೆ ಸಾಗಿಸಿಬಿಟ್ಟರು. ಆ ಹೆಂಗಸು ನೀನೇ ಕಥೆಗಾಗಿ ಕಟ್ಟಿದವಳು, ಅವಳಿಗಾದದ್ದು ಮಾತ್ರ ಎಷ್ಟೋ ಜನಕ್ಕೆ ಆದದ್ದೇ ಅಂತ ಹೇಳಿದೆ. ಆವತ್ತು ನಾನು ಗೊಣಗಲಿಲ್ಲ. ಮಗುವನ್ನು ಸಂತೆಯ ಕರುವಿನ ಹಾಗೆ… ಏನು ಹೇಳಲಿ?

ನೀನು ಹಾಲು ತರಲು ಹೋಗಿದ್ದಾಗ ಪ್ರಣತಿ ಅಳು ಮೋರೆ ಮಾಡಿಕೊಂಡಿತು ಅಂತ, "ಅಳಬೇಡ ಪುಟ್ಟಾ, ಯುದ್ಧ ಮುಗೀತು, ಎಲ್ಲರನ್ನೂ ಬಿಟ್ಟುಬಿಟ್ಟರು, ತಾಯಿ ಮಗಳು ಸೇರಿಕೊಂಡು ಸುಖವಾಗಿದ್ರು" ಅಂತ ನಾನು ಕಥೆ ಮುಗಿಸಿಬಿಟ್ಟೆ. ಬಂದವಳೇ ನೀನು ನನ್ನ ಮೇಲೆ ಹರಿಹಾಯ್ದೆಯಲ್ಲ! "ಇದು ಕಾಗಕ್ಕ ಗುಬ್ಬಕ್ಕನ ಕಥೆ ಅಲ್ಲ ಅತ್ತೆ. ನಮಗೆ ಬೇಕಾದ ಹಾಗೆ ಮುಗಿಸೋ ಹಾಗಿಲ್ಲ." ಮಕ್ಕಳ ಕಡೆ ತಿರುಗಿ, "ಯುದ್ಧ ಮುಗೀಲಿ. ಹತ್ತಿ ಅಮ್ಮ ಮಗಳನ್ನ ಹುಡುಕ್ಕೊಂಡು ಹೊರಡ್ತಾಳೆ. ಆಗ ಏನಾಯ್ತು ಅಂತ ನಾನೇ ಹೇಳ್ತೀನಿ" ಅಂದೆ. ಹೇಳುತ್ತೀನಿ ಅಂದವಳು ಆ ವಾರವೇ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಹೋದವಳು…

ನಿನ್ನನ್ನು ಕಳಿಸಿಕೊಟ್ಟು ಬಂದ ದಿನದ ಗಲಾಟೆ ನಿನಗೆ ಗೊತ್ತಿಲ್ಲ. ಹತ್ತಿರದ ಕಿಂಗ್ಸ್‌ಬರಿಯಿಂದ ನನ್ನ ನಾದಿನಿ ಪದ್ಮ ನಮಗಿಂತ ಮುಂಚೆ ಬಂದು ಮನೆ ತೊಳೆಯಲು ನಿಂತಿದ್ದಳು. ಹೊಸಿಲು ತೊಳೆದು ಗಾಜಿನ ಕೋಣೆಗೆ ಹೋಗಿ ನೋಡಿದ್ದಾಳೆ. "ಸೂತಕದ ಮನೇಲಿ ರಂಗೋಲಿನಾ? ಶಿವ ಶಿವಾ!" ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಳು. ಅವಳನ್ನು ಬೈಯಲೇ? ನಾನು ಮುಂಚೆ ಬಂದಿದ್ದರೆ ಅದನ್ನೇ ಮಾಡುತ್ತಿದ್ದೆ. ನಮಗೆ ಕಲಿಸಿದ್ದೇ ಅದು. ಅನಘಾ ಬಾಗಿಲಲ್ಲಿ ನಿಂತು, "ಅಮ್ಮನ ಅಮೆರಿಕ ಎಲ್ಲಿ?" ಅಂದಳು.  ಪದ್ಮನ ಕೈಯಿಂದ ಆ ಕದಡಿದ ನೀರಿನ ಬಕೆಟ್ಟು ಕಿತ್ತುಕೊಂಡು, ಎರಡು ಕೈಯಲ್ಲೂ ಎತ್ತಲಾರದೆ ಎತ್ತಿಕೊಂಡು ಹೋಗಿ ಹಿತ್ತಲ ಶೆಡ್ಡಿನಲ್ಲಿಟ್ಟು ಚಿಲಕ ಹಾಕಿದಳು. ಹನ್ನೊಂದು ವರ್ಷದ ಹುಡುಗಿ, ಅತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ನಂಟರೆಲ್ಲ ಹೋದ ಮೇಲೆ ರಾಘು ತಲೆ ತಗ್ಗಿಸಿಕೊಂಡು, "ಅಮ್ಮ, ಈಸ್ಟರ್ ರಜ ಮುಗಿದ ಮೇಲೆ ಮಕ್ಕಳು ಸ್ಕೂಲಿಗೆ. ನನ್ನ ಕೈಲಿ ಬೇರೆ ದಾರಿ ಇಲ್ಲ" ಅಂದ. ಆಸ್ಪತ್ರೆಯ ಡ್ಯೂಟಿ ಮಾಡುವವನು ಪಾಠ ಹೇಳಲು ಎಲ್ಲಿಗೆ ಹೋಗಲಿ? ಅನಘಾ "ಓಕೆ" ಅಂದಳು. ಅಷ್ಟೇ. ಗಣಿತ ಮಾಡಿದಳು, ಇಂಗ್ಲಿಷ್ ಮಾಡಿದಳು, ಚರಿತ್ರೆಯ ಪುಸ್ತಕ ಮಾತ್ರ ಮುಟ್ಟಲಿಲ್ಲ. ಕೇಳಿದರೆ, "ಅಮ್ಮ ಯುದ್ಧದ ಮಧ್ಯೆ ನಿಲ್ಲಿಸಿದಾಳೆ. ನಾನು ಅಲ್ಲೇ ಇರ್ತೀನಿ" ಅಂದಳು. ಚಿಕ್ಕವಳದು ಇನ್ನೊಂದು ಕಾಟ. ಊಟಕ್ಕೆ ಕೂತರೆ, ತಲೆ ಬಾಚಲು ಕೂರಿಸಿದರೆ, "ಅಜ್ಜಿ, ಹತ್ತಿ ಅಮ್ಮಂಗೆ ಮಗಳು ಸಿಕ್ಕಿದ್ಲಾ?" ಸಿಕ್ಕಳು ಅನ್ನಲು ನಾಲಿಗೆ ತುದಿಗೆ ಬರುತ್ತಿತ್ತು. ನಿನ್ನ ಮುಖ ಅಡ್ಡ ಬರುತ್ತಿತ್ತು. ಸತ್ತ ಮೇಲೂ ಅತ್ತೆಯ ಬಾಯಿ ಕಟ್ಟುವ ಸೊಸೆಯನ್ನು ಎಲ್ಲಾದರೂ ಕಂಡಿದ್ದೀಯಾ? ಆ ಪ್ರಶ್ನೆಯನ್ನು ಹೊತ್ತುಕೊಂಡು ಚಿಕ್ಕವಳು, ಬಾಯಿ ಬಿಡದೆ ದೊಡ್ಡವಳು ಹೊಸ ಶಾಲೆಯ ಗೇಟಿನ ಮುಂದೆ ಹೇಗೆ ನಿಂತಾರು ಅಂತ ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಶಾಲೆ ಶುರುವಾಗುವ ಹಿಂದಿನ ಶನಿವಾರ ನಾನೇ ಡಬ್ಬ ತೆಗೆದೆ. ವರ್ಷ ಕಳೆಯುವ ತನಕ ಈ ಮನೆಯಲ್ಲಿ ರಂಗೋಲಿ ಕೂಡದು ಅಂತ ಪದ್ಮ ಹೇಳಿ ಹೋಗಿದ್ದಳು. ಹೇಳಿಕೊಳ್ಳಲಿ. ತಳದಲ್ಲಿ ಬಿಳಿ ಪುಡಿ ಒಂದಿಷ್ಟು ಉಳಿದಿತ್ತು. ಗಾಜಿನ ಕೋಣೆಯಲ್ಲಿ ಬಗ್ಗಿ ನನಗೆ ತೋಚಿದ ದೇಶ ಎಳೆದೆ. ಅನಘಾ ನೀರು ಕುಡಿಯಲು ಬಂದವಳು ನಿಂತು ನೋಡಿದಳು.

"ಅಜ್ಜಿ, ಅದು ಅಮೆರಿಕ ಅಲ್ಲ. ಅದು ಹಲಸಿನಹಣ್ಣು."

"ನಾನು ನಾಲ್ಕನೇ ಕ್ಲಾಸು ಕಣಮ್ಮ. ನನಗೆ ಹಲಸಿನಹಣ್ಣೇ ಬರೋದು. ಗೊತ್ತಿರೋರು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಹೀಗೇ ಆಗೋದು."

"ನದಿ ಅಡ್ಡಡ್ಡ ಹೋಗಲ್ಲ."

"ಹಾಗಾದ್ರೆ ಬಂದು ಉದ್ದುದ್ದ ಮಾಡು. ನನ್ನ ಸೊಂಟ ಹಿಡಿದಿದೆ."

ಅವಳು ನೀರಿನ ಲೋಟ ಕೆಳಗಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಶೆಡ್ಡಿನ ಚಿಲಕ ತೆಗೆದಳು. ಬಕೆಟ್ಟಿನ ನೀರನ್ನು ಯಾವಾಗಲೋ ಬಸಿದಿದ್ದಳು. ತಳದಲ್ಲಿ ನಿನ್ನ ಪುಡಿ ಒಣಗಿ ಹಕ್ಕಳೆ ಕಟ್ಟಿತ್ತು. ಕೆರೆದು, ಒರಳಿನಲ್ಲಿ ಕುಟ್ಟುವ ಹಾಗೆ ಲೋಟದ ತಳದಿಂದ ಪುಡಿ ಮಾಡಿ ತಂದಳು. ಎಲ್ಲ ಬಣ್ಣ ಬೆರೆತು ಅದು ಬೂದಿಯೂ ಅಲ್ಲ, ಮಣ್ಣೂ ಅಲ್ಲ. ಅದರಲ್ಲೇ ಇಬ್ಬರೂ ಕೂತು ದೇಶ ತಿದ್ದಿದೆವು. ಮೇಲೂ ಅದೇ ಬಣ್ಣ, ಕೆಳಗೂ ಅದೇ, ನದಿಯೂ ಅದೇ. ನಾನು ಹೊಸದಾಗಿ ಬತ್ತಿ ಹೊಸೆದುಕೊಟ್ಟೆ, ಅದರಲ್ಲೊಂದು ಮತ್ತೆ ಹತ್ತಿ ಅಮ್ಮ ಆಯಿತು.

ಪ್ರಣತಿ ಬಂದವಳೇ, "ಸಿಕ್ಕಿದ್ಲಾ?" ಅಂದಳು. ಅನಘಾ ಪುಸ್ತಕ ತೆರೆಯಲಿಲ್ಲ. ಯಾರಿಗೂ ಕಾಣದ ಹಾಗೆ ಆಗಲೇ ಓದಿಕೊಂಡಿದ್ದಳು ಅಂತ ಆವಾಗ ನನಗೆ ತಿಳಿಯಿತು. ಯುದ್ಧ ಮುಗಿಯಿತು, ಕೆಳಗಿನವರು ಸೋತರು, ಜೀತ ಕೂಡದು ಅಂತ ಕಾನೂನು ಬಂತು ಅಂತ ಹೇಳಿದಳು. ಬಿಡುಗಡೆಯಾದವರು ಕಾಲ್ನಡಿಗೆಯಲ್ಲಿ ಊರೂರು ಹುಡುಕಿದರಂತೆ. ಪತ್ರಿಕೆಯಲ್ಲಿ ಹಾಕಿಸಿದರಂತೆ, ನನ್ನ ಮಗಳು ಇಂಥವಳು, ಕಂಡಿದ್ದರೆ ಹೇಳಿ ಅಂತ. ಅದನ್ನು ಚರ್ಚುಗಳಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. "ಕೆಲವರಿಗೆ ಸಿಕ್ಕಿದ್ರು. ತುಂಬಾ ಜನಕ್ಕೆ ಸಿಗಲಿಲ್ಲ."

"ನಮ್ಮ ಹತ್ತಿ ಅಮ್ಮಂಗೆ?"

ಅನಘಾ ನನ್ನ ಮುಖ ನೋಡಿದಳು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ.

"ಗೊತ್ತಿಲ್ಲ ಪುಟ್ಟಿ. ಆದ್ರೆ ಅವಳು ಹುಡುಕೋದು ನಿಲ್ಲಿಸ್ಲಿಲ್ಲ" ಅಂದಳು. ಹೇಳಿ ಮುಗಿಸಿದ ಮೇಲೆ ನನ್ನ ಸೆರಗಿನಲ್ಲಿ ಮುಖ ಇಟ್ಟಳು. ನೀನು ಹೋದ ಮೇಲೆ ಮೊದಲ ಸಲ, ಗಟ್ಟಿಯಾಗಿ, ಪಕ್ಕದ ಮನೆಗೆ ಕೇಳಿಸುವ ಹಾಗೆ. ಅಳಲಿ ಅಂತ ಬಿಟ್ಟೆ. ನೀನೇ ಹೇಳಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆಯಾ? ಹೇಳುತ್ತಿದ್ದೆ, ಇಲ್ಲ ಅನ್ನುವುದಿಲ್ಲ.

ಈಗ ಇಬ್ಬರೂ ಶಾಲೆಗೆ ಹೋಗುತ್ತಿದ್ದಾರೆ ವಸುಧಾ. ಅನಘಾ ಮೊದಲ ದಿನ ಗೇಟಿನ ಹತ್ತಿರ ಬೆಳ್ಳಗೆ ಬಿಳಚಿಕೊಂಡಳು, ವಾಂತಿ ಮಾಡಲಿಲ್ಲ. ಅಲ್ಲಿ ಮಾತಾಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಸುಳ್ಳು ಬರೆಯುವುದಿಲ್ಲ. ಮನೆ ಮಧ್ಯಾಹ್ನದವರೆಗೆ ಬಿಕೋ ಅನ್ನುತ್ತದೆ. ಮಿಕ್ಸಿಯನ್ನು ಯಾವಾಗ ಬೇಕಾದರೂ ಹಾಕಬಹುದು, ಹಾಕಲು ಮನಸ್ಸು ಬರುವುದಿಲ್ಲ.

ಪದ್ಮ ಮೊನ್ನೆ ಬಂದು ನೆಲ ನೋಡಿ ಬಾಯಿ ತೆರೆದಳು. "ದಾಟ್ಕೊಂಡು ಹೋಗೇ, ತುಳೀಬೇಡ" ಅಂದೆ. ದಾಟಿಕೊಂಡೇ ಹೋದಳು. ನಾನಿರುವ ತನಕ ಆ ಕೋಣೆಗೆ ಒದ್ದೆ ಬಟ್ಟೆ ಬೀಳುವುದಿಲ್ಲ, ಇದು ಮಾತು. ದೀಪಕ್ಕೆ ಬತ್ತಿ ಸಾಲದೆ ಬಂದರೂ ನೆಲದ ಮೇಲಿನದನ್ನು ತೆಗೆಯುವುದಿಲ್ಲ. ಬೆಳಿಗ್ಗೆ ಶೂ ಹಾಕಿಕೊಳ್ಳುವ ಮುಂಚೆ ಪ್ರಣತಿ ಅಲ್ಲಿಗೆ ಹೋಗಿ, ಕೂತು, ಹತ್ತಿ ಅಮ್ಮನನ್ನು ಒಂದು ಕೂದಲೆಳೆಯಷ್ಟು ನದಿಯ ಕಡೆಗೆ ಸರಿಸಿ ಬರುತ್ತಾಳೆ.

ನಿನ್ನ ಅತ್ತೆ