ಕ್ಯಾಪ್ಟನ್ ಕೈ ತೆಗೆದ ಹೊತ್ತು

ರಾಯಚೂರು,
9 ನವೆಂಬರ್ 2024

ಪ್ರೀತಿಯ ಅಬ್ಬಾ,

ಸಲಾಂ. ನಿಮ್ಮ ಮೊಣಕಾಲು ಹೇಗಿದೆ? ಸೌದಿಯಲ್ಲಿ, ದಮ್ಮಾಮಿನ ತನ್ನ ಮನೆಯಲ್ಲಿ ಲಿಫ್ಟ್ ಇದ್ದರೂ ನೀವು ಹಟಕ್ಕೆ ಬಿದ್ದು ಮೆಟ್ಟಿಲು ಹತ್ತುತ್ತೀರಿ ಎಂದು ಮುಕರ್ರಂ ಭಾಯಿ ಚಾಡಿ ಹೇಳಿದ. ಮೊಮ್ಮಗನನ್ನು ಆಡಿಸಲು ಹೋದವರು ಕಾಲು ಕೆಡಿಸಿಕೊಂಡು ಬಂದರೆ ನಿಮ್ಮ ಬೇಗಂ ನನ್ನ ಮೇಲೆ ಹರಿಹಾಯುತ್ತಾಳೆ. ಔಷಧಿ ತಪ್ಪಿಸಬೇಡಿ. ಫೋನಿನಲ್ಲಿ ಎರಡು ಮಾತಿಗೇ ನೀವು ಅಳುತ್ತೀರಿ, ನಾನೂ ಅಳುತ್ತೇನೆ, ವಿಷಯ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಈ ಪತ್ರ. ಉರ್ದು ಬರೆಯಲು ನನಗೆ ಬರುವುದಿಲ್ಲ. ಕನ್ನಡ ಶಾಲೆಗೆ ಹಾಕಿದವರು ನೀವೇ, ಈಗ ಅನುಭವಿಸಿ. ಮುಷರ್ರಫ್ ಮಾಮು ಇವತ್ತೇ ಅಲ್ಲಿಗೆ ಹೊರಟಿದ್ದಾರೆ, ಶೇಂಗಾ ಚಟ್ನಿಯ ಜೊತೆ ಇದನ್ನೂ ತರುತ್ತಾರೆ. ಸೋಮವಾರ ನಾನು ಹೈದರಾಬಾದಿಗೆ ಹೋಗಿ ಸಿಮ್ಯುಲೇಟರಿನಲ್ಲಿ ಕೂತು ಪರೀಕ್ಷೆ ಕೊಡಬೇಕು. ಆಮೇಲೆಯೇ ಮತ್ತೆ ಹಾರಾಟ. ಹೋಗದಿದ್ದರೆ ಕೆಲಸ ಹೋದ ಹಾಗೆಯೇ. ಅಮ್ಮಿ ಕಳಿಸಲು ಒಪ್ಪುತ್ತಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದ್ದೆ, ಅವಳ ಹತ್ತಿರ ಮಾತಾಡುತ್ತೇನೆ ಎಂದು ನೀವೂ ಅಂದಿದ್ದಿರಿ. ಅದಕ್ಕೆ ಮುಂಚೆ, ಆ ದಿನ ವಿಮಾನದಲ್ಲಿ ನಡೆದದ್ದು ಏನೆಂದು ನಿಮಗೆ ಸರಿಯಾಗಿ ಗೊತ್ತಿರಲಿ.

ಟಿವಿಯವರು ಬಡಬಡಿಸಿದ ಹಾಗೆ ವಿಮಾನ ಪಲ್ಟಿ ಹೊಡೆಯಲಿಲ್ಲ. ನಮ್ಮದು ಪಂಖ ತಿರುಗುವ ಸಣ್ಣ ವಿಮಾನ. ಕ್ಯಾಪ್ಟನ್ ಅಮೋಘಸಿದ್ದ ಅವರು ವಿಜಯಪುರದ ಕಡೆಯವರು, ಹೆಚ್ಚು ಕಡಿಮೆ ನಿಮ್ಮ ವಯಸ್ಸು. ನಾನು ಅವರ ಕೋಪೈಲಟ್. ಹೈದರಾಬಾದಿನಿಂದ ಮೇಲೇರಿ ಸ್ವಲ್ಪ ಹೊತ್ತಿಗೆ ಅವರ ಮುಂದಿನ ಹಿಡಿ ಬಿಗಿದುಕೊಂಡಿತು. ವಿಮಾನದ ಮೂತಿ ಎತ್ತುವುದೂ ಇಳಿಸುವುದೂ ಆ ಹಿಡಿಯಿಂದಲೇ. ನನ್ನ ಮುಂದೆಯೂ ಅಂಥದೇ ಒಂದು ಇರುತ್ತದೆ, ಎರಡಕ್ಕೂ ಒಳಗೆ ಜೋಡಣೆ ಇರುತ್ತದೆ. ಒಂದು ಸಿಕ್ಕಿಕೊಂಡರೆ ಜೋರಾಗಿ ಎಳೆದು ಜೋಡಣೆ ಬಿಡಿಸಬೇಕು. ಇಬ್ಬರೂ ಎಳೆದೆವು. ಅವರದು ಗೂಟ ಹೊಡೆದಂತೆ ನಿಂತೇಬಿಟ್ಟಿತು, ನನ್ನದು ಸಡಿಲವಾಯಿತು. ಕ್ಯಾಪ್ಟನ್ ಒಂದು ಸಲ ನನ್ನ ಕಡೆ ನೋಡಿದರು. ಕೆಲಸದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಮನುಷ್ಯ, "ತಂಗಿ, ಇನ್ನ ವಿಮಾನ ನಿಂದವ್ವಾ. ನಾ ಪುಸ್ತಕ ಓದಿ ಹೇಳ್ತೀನಿ, ನೀ ಹಾರಸು" ಎಂದರು. ಪುಸ್ತಕ ಎಂದರೆ ಇಂಥ ಆಪತ್ತಿನಲ್ಲಿ ಏನೇನು ಮಾಡಬೇಕೆಂಬ ಪಟ್ಟಿ.

ಹಿಂದೆ ಪ್ರಯಾಣಿಕರ ಜವಾಬ್ದಾರಿ ನಮ್ಮ ಮಾನ್ವಿಯ ನಗ್ಮಾಳದು. ಅವಳು ಒಳಗಿನ ಫೋನಿನಲ್ಲಿ ಕೇಳಿದ್ದು ಒಂದೇ: "ಮಂದಿಗೆ ಖರೇನ ಹೇಳ್ಲೇನ್ರಿ?" ಖರೇನೇ ಹೇಳು ಎಂದರು ಕ್ಯಾಪ್ಟನ್. ಹೇಳಿದಳು. ಅವಳ ದನಿ ನಡುಗಲಿಲ್ಲ, ಅದಕ್ಕೇ ಜನ ಕೂತಲ್ಲೇ ಕೂತರು.

ಇಳಿಯಲು ವಾಪಸು ತಿರುಗಿದೆವು. ಮೂತಿಯನ್ನು ಆಡಿಸುವುದು ಬಾಲದ ರೆಕ್ಕೆ, ಅದರ ಅರ್ಧ ಭಾಗ ಮಾತ್ರ ನನ್ನ ಮಾತು ಕೇಳುತ್ತಿತ್ತು, ಹಿಡಿ ಮಣ ಭಾರ. ಅಷ್ಟರಲ್ಲಿ ಗಾಳಿ ವಿಮಾನವನ್ನು ಎತ್ತಿ ಒಗೆಯಿತು. ಇಷ್ಟು ವರ್ಷದ ರೂಢಿ ನೋಡಿ, ಕ್ಯಾಪ್ಟನ್ ಕೈ ತಾನಾಗಿ ತಮ್ಮ ಹಿಡಿಯ ಮೇಲೆ ಹೋಯಿತು. ಅದನ್ನು ಕಂಡು ನನ್ನ ಕೈ ಸರಿಯಿತು ಅಬ್ಬಾ! ಊಟಕ್ಕೆ ಹಾಸಿದ ದಸ್ತರಖಾನಿನ ಮೇಲೆ ನೀವು ತಟ್ಟೆಗೆ ಕೈ ಚಾಚಿದಾಗ ನಾವು ಮಕ್ಕಳು ಕೈ ಹಿಂದೆ ತೆಗೆಯುತ್ತೇವಲ್ಲ, ಹಾಗೆ. ಮೂತಿ ಕೆಳಗೆ ಬಾಗಿತು. ಜನ ಚೀರಿದ್ದು ಬಾಗಿಲು ದಾಟಿ ಬಂತು. "ಯಾಕ ಬಿಟ್ಟಿ? ದೊಡ್ಡಾವ್ರಿಗೆ ಮರ್ಯಾದಿ ಕೊಡಾಕ ಇದೇನ್ ಊಟದ ಪಂಕ್ತಿ ಅಲ್ಲ, ಹಿಡಿ!" ಎಂದು ಕ್ಯಾಪ್ಟನ್ ಗದರಿದರು. ಗದರಿ, ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟರು. ಆಮೇಲೆ ಆ ಕೈ ಹೊರಬಂದದ್ದು ಪುಟ ತಿರುವಲು, ನಾನು ಕೇಳಿದ ಗುಂಡಿ ಒತ್ತಲು, ಅಷ್ಟೇ. ಅಂಥ ಹಿರಿಯ, ಜೀವ ನನ್ನ ಕೈಯಲ್ಲಿಟ್ಟು, ಬೋಧನೆ ಮಾಡದೆ ಕೂರುವುದೆಂದರೆ ಏನು ಗುಂಡಿಗೆ ಬೇಕು ಹೇಳಿ. ನನಗೆ ಅಳು ಬರುತ್ತಿತ್ತು, ಅಳಲು ಪುರುಸೊತ್ತಿರಲಿಲ್ಲ. ದೂರದಿಂದಲೇ ರನ್‌ವೇಗೆ ನೇರ ಸಾಲು ಹಿಡಿದು, ಮೆಲ್ಲಗೆ ಇಳಿಸುತ್ತಾ ಬಂದೆ. ಚಕ್ರ ನೆಲಕ್ಕೆ ಸ್ವಲ್ಪ ಜೋರಾಗಿಯೇ ಬಡಿಯಿತು. ಎಲ್ಲರೂ ನಡೆದುಕೊಂಡು ಇಳಿದು ಹೋದರು. ಕ್ಯಾಪ್ಟನ್ ನೀರಿನ ಬಾಟಲಿ ತೆರೆದು ಮೊದಲು ನನಗೆ ಕೊಟ್ಟರು.

ಭಾಭಿಗೆ ಸಲಾಂ, ಪುಟ್ಟನ ಎರಡೂ ಗಲ್ಲಕ್ಕೆ ನನ್ನ ಪರವಾಗಿ ಒಂದೊಂದು ಮುತ್ತು. ನಿಮ್ಮ ದುವಾ ನನ್ನ ಮೇಲಿರಲಿ.

ನಿಮ್ಮ ಮಗಳು,
ತಹಸೀನ್

ಮ.ಮಾ.: ಮಾಮು ಆಟೋ ನಿಲ್ಲಿಸಿಕೊಂಡು ಕೂಗುತ್ತಿದ್ದಾರೆ. ಅಬ್ಬಾ, ಅಮ್ಮಿಗೆ ಏನೂ ಅನ್ನಬೇಡಿ. ಅವಳು ಬೇಡ ಎಂದೇ ಇಲ್ಲ. ದೇವದುರ್ಗದಿಂದ ನೂರ್ ಬೀ ಖಾಲಾ ಬಂದು "ಹೆಣ್ಮಗಳಿಗೆ ಆಕಾಶದಾಗ ಏನ್ ಕೆಲಸ ಬೇ" ಎಂದಾಗ, "ನಿನ್ನ ಮಗ ನೆಲದ ಮ್ಯಾಲ ಮೋಟಾರ್ ಸೈಕಲ್ ನೆಟ್ಟಗ ಹೊಡಿಯಂಗಿಲ್ಲ, ಮೊದ್ಲ ಅವಂಗ ಹೇಳು" ಎಂದು ಬಾಯಿ ಮುಚ್ಚಿಸಿದಳು. ಒಲ್ಲೆ ಎಂದವಳು ನಾನು. ಕೈ ಬಿಟ್ಟ ಆ ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಬಂದು ನಿಲ್ಲುತ್ತದೆ. ಹೆದರಿದ್ದೇನೆ ಎನ್ನಲು ನಾಚಿಕೆಯಾಗಿ ಅಮ್ಮಿಯ ಮೇಲೆ ಹಾಕಿದೆ. ಅವಳಿಗೆ ಅದು ಗೊತ್ತು, ತುಟಿ ಪಿಟಕ್ಕೆನ್ನದೆ ಹೊತ್ತುಕೊಂಡಿದ್ದಾಳೆ. 'ನೀವು ಹೋಗು ಎಂದರೆ ಹೋಗುತ್ತೇನೆ' ಎಂದು ಇಲ್ಲಿ ಬರೆದು, ಹೊಡೆದು ಹಾಕಿದ್ದೇನೆ, ಕಾಣುತ್ತಿರಬೇಕು. ಬೇಡ ಅಬ್ಬಾ, ನೀವು ಹೋಗು ಎನ್ನಬೇಡಿ, ಇರು ಎಂದೂ ಅನ್ನಬೇಡಿ. ಸೋಮವಾರ ಬೆಳಿಗ್ಗೆ ಫೋನ್ ಮಾಡಬೇಡಿ. ಭಯ ಇದೆ, ಹೋಗುತ್ತೇನೆ. ಮುಗಿಸಿ ಬಂದು ನಾನೇ ಮಾಡುತ್ತೇನೆ.